ಮರ ಕರಗಿಸಲು ಪ್ಲಾಸ್ಟಿಕ್ ಯಾಕೆ?

‘ಮರ ಕರಗಿಸುವುದಕ್ಕೆ ಪ್ಲಾಸ್ಟಿಕ್ ಯಾಕೆ ಹಾಕುತ್ತೀರಿ?’ ಎಂದು ಕೇಳುವವರಿಗೆ ಇನ್ನು ಮುಂದೆ ನಾನು ಬಾಯಲ್ಲಿ ಉತ್ತರ ಹೇಳುವುದಿಲ್ಲ, ಇದನ್ನೇ ಓದಲು ಕೊಡುತ್ತೇನೆ. ಕಟ್ಟಿಗೆಯಿಂದ ಸಕ್ಕರೆ, ಸಕ್ಕರೆಯಿಂದ ಎಥನಾಲ್ ತೆಗೆಯುವ ಪ್ರಯೋಗದಲ್ಲಿ ನಾವು ಹಾಕುವುದು ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪಿಇಜಿ. ಅದು ಪ್ಲಾಸ್ಟಿಕ್ಕಿನಂತೆ ಉದ್ದ ಸರಪಳಿಯ ಅಣು, ಅಂದರೆ ಪಾಲಿಮರ್ ಹೌದು. ಮಲಬದ್ಧತೆಗೆ ಕೊಡುವ ಔಷಧಿಯ ಪುಡಿಯೂ ಅದೇ ಜಾತಿಯದು. ಮೇಣದ ಚೂರಿನಂಥ ಅದರ ಬಿಳಿ ಹಳಕುಗಳನ್ನು ಬೆಚ್ಚನೆಯ ನೀರಿಗೆ ಹಾಕಿ ಅಲ್ಲಾಡಿಸಿದರೆ ನೀರು ಮತ್ತೆ ತಿಳಿಯಾಗುತ್ತದೆ. ಇದನ್ನು ಕ್ಯಾರಿಬ್ಯಾಗಿನ ಸಾಲಿಗೆ ಸೇರಿಸುವುದು ಅನ್ಯಾಯ.

ಮದುವೆಯೊಂದರ ಊಟದ ಪಂಕ್ತಿಯಲ್ಲಿ ನನ್ನ ಸೋದರಮಾವ, ‘ಅದು ಮರಾನ ಮೆತ್ತಗೆ ಮಾಡುತ್ತೇನೋ?’ ಎಂದು ಕೇಳಿದರು. ಎಲ್ಲರೂ ತಪ್ಪುವುದು ಇಲ್ಲಿಯೇ. ಮರದ ಸೆಲ್ಯುಲೋಸನ್ನು, ಅಂದರೆ ಸಕ್ಕರೆಯ ಅಣುಗಳೇ ಸರಪಳಿಯಾಗಿ ಸೇರಿದ ನಾರನ್ನು, ಕತ್ತರಿಸಿ ಸಕ್ಕರೆ ಮಾಡುವುದು ಕಿಣ್ವ (ಎನ್‌ಜೈಮ್). ಆದರೆ ಸ್ಪ್ರೂಸ್‌ನಂಥ ಸೂಚಿಪರ್ಣಿ ಮರದಲ್ಲಿ, ನಾರುಗಳನ್ನು ಅಂಟಿಸಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಕಾಲು ಭಾಗಕ್ಕಿಂತ ಹೆಚ್ಚು ಇರುತ್ತದೆ. ಸೆಲ್ಯುಲೋಸನ್ನು ಹಿಡಿದುಕೊಳ್ಳಲು ಕಿಣ್ವಕ್ಕೆ ಇರುವ ಹಿಡಿಕೆಯೇ ಲಿಗ್ನಿನ್‌ಗೂ ಅಂಟುತ್ತದೆ. ಅಲ್ಲಿ ಕತ್ತರಿಸಲು ಏನೂ ಇಲ್ಲದಿದ್ದರೂ ಬಿಟ್ಟು ಬರಲಾಗದೆ, ದುಬಾರಿ ಕಿಣ್ವ ವ್ಯರ್ಥವಾಗುತ್ತದೆ. ‘ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತೀರಲ್ಲ ಮಾವ, ಪಿಇಜಿ ಲಿಗ್ನಿನ್ ಮೇಲೆ ಹಾಗೆ ಮೊದಲೇ ಜಾಗ ಹಿಡಿಯುತ್ತದೆ, ಕಿಣ್ವ ಬೇರೆ ದಾರಿ ಇಲ್ಲದೆ ಸೆಲ್ಯುಲೋಸ್ ಕಡೆಗೆ ಹೋಗುತ್ತದೆ’ ಎಂದೆ. ಅವರಿಗೆ ತಕ್ಷಣ ಅರ್ಥವಾಯಿತು.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಬೆಯಲ್ಲಿ ಹದಗೊಳಿಸಿದ ಸ್ಪ್ರೂಸ್‌ನ ಸೆಲ್ಯುಲೋಸ್ 16 ಗಂಟೆಗಳಲ್ಲಿ ಶೇ. 42ರಷ್ಟು ಸಕ್ಕರೆಯಾಗುತ್ತಿದ್ದದ್ದು ಪಿಇಜಿ ಸೇರಿದ ಮೇಲೆ ಶೇ. 78ಕ್ಕೆ ಏರಿತು.

ಯಾರಾದರೂ ‘ಅದು ಜಾಗ ಹಿಡಿಯುತ್ತದೆಂದು ನಿಮಗೆ ಹೇಗೆ ಗೊತ್ತು?’ ಎಂದು ಕೇಳಲಿ ಎಂಬುದು ನನ್ನ ಬಹುದಿನದ ಆಸೆ. ಲಿಗ್ನಿನ್ ಇಲ್ಲದ ಶುದ್ಧ ಸೆಲ್ಯುಲೋಸಿಗೆ ಪಿಇಜಿ ಹಾಕಿದರೆ ಲಾಭ ತೀರ ಕಡಿಮೆ. ಅದು ಕಿಣ್ವಕ್ಕೇ ಬಲ ಕೊಡುವಂತಿದ್ದರೆ ಇಲ್ಲಿಯೂ ಅಷ್ಟೇ ಲಾಭ ಕಾಣಬೇಕಿತ್ತು. ಇನ್ನೊಂದು ಸಾಕ್ಷಿ ತಿಳಿಯಲ್ಲಿದೆ. ಕಟ್ಟಿಗೆಯ ಗಸಿಯನ್ನು ಕೆಳಗೆ ಕೂರಿಸಿ ಮೇಲಿನ ತಿಳಿಯಲ್ಲಿರುವ ಕಿಣ್ವವನ್ನು ಅಳೆದಾಗ, ಪಿಇಜಿ ಇದ್ದ ಕಡೆ ಅದು ಹೆಚ್ಚು ಉಳಿದಿರುತ್ತದೆ. 50 ಡಿಗ್ರಿಯಲ್ಲಿ ಅಲ್ಲಾಡುವ ಫ್ಲಾಸ್ಕುಗಳಲ್ಲಿ ಇದು ಕಣ್ಣಿಗೂ ಕಾಣುತ್ತದೆ: ಸಂಜೆ ರಾಗಿ ಗಂಜಿಯಷ್ಟು ಮಂದವಾಗಿದ್ದ ಎರಡರಲ್ಲಿ, ಪಿಇಜಿ ಇದ್ದದ್ದು ಬೆಳಿಗ್ಗೆಯ ಹೊತ್ತಿಗೆ ನೀರಾಗಿ, ತಳದಲ್ಲಿ ಹೆಚ್ಚಾಗಿ ಲಿಗ್ನಿನ್ನಿನ ಕಂದು ಪುಡಿ ಕೂತಿರುತ್ತದೆ.