ಎಂಟು ಗಜದ ಉಣ್ಣೆ ಪಂಚೆ

ಬ್ರೆಡ್ಡು, ಒಂದಿಷ್ಟು ತರಕಾರಿ ತರೋಣ ಅಂತ ಹೊರಟವನು ಕನ್ನಡಿ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದೆ. ಮೇ ತಿಂಗಳ ಒಂದು ಭಾನುವಾರ, ಎಡಿನ್‌ಬರಾದ ಲೀತ್‌ನಲ್ಲಿರುವ ನನ್ನ ಬಾಡಿಗೆ ಮನೆ. ಮಂಚದ ಮೇಲೆ ಪ್ಯಾಂಟು ಸುಮ್ನೆ ಬಿದ್ದಿತ್ತು. ಮೈಮೇಲೆ ಕಿಲ್ಟು ಇತ್ತು, ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ನೆರಿಗೆಯ ಉಣ್ಣೆ ಬಟ್ಟೆ.

ಅದಕ್ಕೆ ಮುಂಚೆ ಎರಡು ಸಲ ಕಿಲ್ಟು ಹಾಕಿದ್ದೆ. ಎರಡೂ ಸಲ ಸ್ನೇಹಿತರ ಮದುವೆಗೆ, ಎರಡೂ ಸಲ ಬಾಡಿಗೆಯದ್ದು. ಬಾಡಿಗೆ ಅಂಗಡಿಯವರು ಎಲ್ಲಾ ಸೇರಿಸಿ ಕೊಡುತ್ತಾರೆ. ಬೆಳ್ಳಿ ಬಣ್ಣದ ಗುಂಡಿಯ ಕರಿ ಕೋಟು, ಬೋ ಟೈ, ಮುಂದೆ ಸರಪಳಿಯಲ್ಲಿ ನೇತಾಡುವ ತುಪ್ಪಳದ ಚೀಲ, ಮೊಣಕಾಲವರೆಗಿನ ಕಾಲುಚೀಲ, ಅದರಲ್ಲಿ ಸಿಕ್ಕಿಸಲು ಒಂದು ಪುಟ್ಟ ಚೂರಿ. ಎಲ್ಲಾ ಹಾಕಿಕೊಂಡರೆ ಯಕ್ಷಗಾನದ ಚೌಕಿಯಿಂದ ಎದ್ದು ಬಂದ ಹಾಗಿರುತ್ತದೆ. ಫೋಟೋಗೆ ಚೆನ್ನ. ಆದರೆ ವೇಷ ಹಾಕಿದವನಿಗೆ ಒಂದು ಅನುಕೂಲ ಇದೆ: ಅದು ವೇಷ ಅಂತ ಎಲ್ಲರಿಗೂ ಗೊತ್ತು. ತರಕಾರಿ ತರಲು ಹೋಗುವವನಿಗೆ ಆ ಅನುಕೂಲ ಇಲ್ಲ.

ಈ ಕಿಲ್ಟು ನನ್ನದೇ. ಗ್ರಾಸ್‌ಮಾರ್ಕೆಟ್ ಕಡೆಯ ಹಳೇ ಬಟ್ಟೆ ಅಂಗಡಿಯಲ್ಲಿ 90 ಪೌಂಡಿಗೆ ಸಿಕ್ಕಿತು. ಅಳತೆ ಕೊಟ್ಟು ಕೈಹೊಲಿಗೆಯಲ್ಲಿ ಹೊಸದು ಮಾಡಿಸಿದರೆ 500 ಪೌಂಡು ಎಲ್ಲೋ ದಾಟುತ್ತದೆ. ನನ್ನದೂ ಕೈಹೊಲಿಗೆಯದ್ದೇ, ಯಾರದೋ ಸೊಂಟಕ್ಕೆ ಹೊಲಿದದ್ದು. ಒಳಗಿನ ಅಸ್ತರು ಹಳದಿಯಾಗಿದೆ. ಬಲಗಡೆ ಸೊಂಟದ ಬಕಲ್ ಪಕ್ಕದಲ್ಲಿ ಹಳೇ ಸೂಜಿ ತೂತುಗಳ ಎರಡು ಸಾಲು ಕಾಣುತ್ತವೆ. ಹಿಂದಿನ ಯಜಮಾನ ಎರಡು ಸಲ ದಪ್ಪಗಾಗಿ ಎರಡು ಸಲ ಬಕಲ್ ಜರುಗಿಸಿದ್ದಾನೆ. ಪ್ಯಾಂಟಾಗಿದ್ದರೆ ಯಾವಾಗಲೋ ಎಸೆಯುತ್ತಿದ್ದ. ಈಗ ಬಕಲ್ ಇರುವ ಜಾಗ ನನ್ನ ಹೊಟ್ಟೆಗೆ ಸರಿಯಾಗಿ ಕೂತಿತು. ಅದರ ಬಗ್ಗೆ ಜಾಸ್ತಿ ಮಾತು ಬೇಡ.

ಕೈಗೆತ್ತಿಕೊಂಡಾಗ ಮೊದಲು ಗೊತ್ತಾಗಿದ್ದು ಭಾರ. ಪೂರ್ತಿ ಅಳತೆಯ ಕಿಲ್ಟಿಗೆ 8 ಗಜ ಬಟ್ಟೆ ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ 16 ಮೊಳ. ಅಜ್ಜಿ ಉಡುತ್ತಿದ್ದ ಒಂಬತ್ತು ಗಜದ ಸೀರೆಗಿಂತ ಒಂದು ಗಜ ಕಡಿಮೆ, ಅಷ್ಟೇ. ಅಷ್ಟೂ ದಪ್ಪ ಉಣ್ಣೆ, ಹತ್ತಿರ ಹತ್ತಿರ ಎರಡು ಕಿಲೋ ತೂಗುತ್ತದೆ. ಮುಂದೆ ಎರಡು ಪದರ ಚಪ್ಪಟೆ, ಮಿಕ್ಕಿದ್ದೆಲ್ಲಾ ಹಿಂದೆ ನೆರಿಗೆ. ಆ ನೆರಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದೊಂದು ಮಡಿಕೆಯೊಳಗೂ ಗೇಣುದ್ದ ಬಟ್ಟೆ ಮಾಯವಾಗಿರುತ್ತದೆ. ಆದರೂ ಮೇಲಿನ ಚೌಕಳಿ ಎಲ್ಲೂ ತುಂಡಾಗುವುದಿಲ್ಲ. ಹಸಿರು ಪಟ್ಟಿ ಮುಗಿದ ಕಡೆ ನೀಲಿ, ನೀಲಿ ಮುಗಿದ ಕಡೆ ಕಪ್ಪು, ಮಡಿಸದ ಬಟ್ಟೆಯಲ್ಲಿ ಇದ್ದ ಹಾಗೇ. ಬೆರಳಿನಿಂದ ಒಂದು ನೆರಿಗೆ ಬಿಡಿಸಿದರೆ ಒಳಗೆ ಇನ್ನೊಂದು ಇಡೀ ಚೌಕಳಿ ಅಡಗಿ ಕೂತಿರುತ್ತದೆ. ಹೊಲಿದವರು ಯಾರೋ, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ.

ಚೌಕಳಿಗೆ ಇಲ್ಲಿ ಟಾರ್ಟನ್ ಅನ್ನುತ್ತಾರೆ. ಮನೆತನಕ್ಕೊಂದು, ಜಿಲ್ಲೆಗೊಂದು, ಸೈನ್ಯದ ತುಕಡಿಗೊಂದು ಇದೆ. 2009ರಿಂದ ಅದಕ್ಕೆ ಸರ್ಕಾರದ ನೋಂದಣಿಯೂ ಇದೆ. ನಮ್ಮ ಮನೆತನದ ಚೌಕಳಿ ಅಂದರೆ ಅಪ್ಪನ ಲುಂಗಿಯದ್ದೊಂದೇ. ಹಾಗಾಗಿ ನಾನು ಬ್ಲ್ಯಾಕ್ ವಾಚ್ ತಗೊಂಡೆ. ಅದೇ ಹೆಸರಿನ ಸೈನ್ಯದ ತುಕಡಿಯಿಂದ ಬಂದ ಕಡು ನೀಲಿ-ಹಸಿರು ಚೌಕಳಿ ಅದು. ಯಾವ ಮನೆತನದವರಲ್ಲದವರೂ ಧೈರ್ಯವಾಗಿ ಉಡಬಹುದು. ಕತ್ತಲೆ ಬಣ್ಣ ಆದ್ದರಿಂದ ದೂರದಿಂದ ನೋಡಿದರೆ ಚೌಕಳಿ ಅಂತ ಗೊತ್ತೂ ಆಗುವುದಿಲ್ಲ. ಮೊದಲ ದಿನಕ್ಕೆ ನನಗೆ ಬೇಕಾಗಿದ್ದೂ ಅದೇ.

ಅಂಗಡಿಯಲ್ಲಿ ಹಾಕಿ ನೋಡುವಾಗ ನಾನು ಪ್ಯಾಂಟಿನ ಅಭ್ಯಾಸದಂತೆ ಸೊಂಟದ ಕೆಳಗೆ ಕಟ್ಟಿದ್ದೆ. ಅಂಗಡಿಯಾಕೆ ಏನೂ ಹೇಳದೆ ಬಂದು ಎರಡೂ ಕಡೆ ಹಿಡಿದು ಹೊಕ್ಕುಳ ಮಟ್ಟಕ್ಕೆ ಎಳೆದಳು. ಆಮೇಲೆ ನೆಲದ ಮೇಲೆ ಮಂಡಿಯೂರು ಅಂದಳು. ದೇವಸ್ಥಾನದಲ್ಲಿ ಇದ್ದ ಹಾಗೆ ಮಂಡಿಯೂರಿದೆ. ಅಂಚು ನೆಲಕ್ಕೆ ತಾಗಿಯೂ ತಾಗದ ಹಾಗಿತ್ತು. ಅದೇ ಅಳತೆ. ಎದ್ದು ನಿಂತರೆ ಅಂಚು ಮೊಣಕಾಲ ಚಿಪ್ಪಿನ ನಡುವೆ ಬರುತ್ತದೆ. ಅದಕ್ಕಿಂತ ಕೆಳಗೆ ಬಂದರೆ ಲಂಗ, ಮೇಲೆ ಹೋದರೆ ಸ್ಕೂಲು ಹುಡುಗ. ನಮ್ಮಲ್ಲೂ ಪಂಚೆ ಉಟ್ಟವರ ಅಂಚು ನೋಡಿಯೇ ಅಜ್ಜ ಆಳು ಎಂಥವನು ಅಂತ ಹೇಳುತ್ತಿದ್ದರು.

ಈಗ ಕನ್ನಡಿಯ ಮುಂದಿನ ಇಪ್ಪತ್ತು ನಿಮಿಷಕ್ಕೆ ಬರೋಣ. ನನ್ನ ಲೆಕ್ಕ ಇಷ್ಟೇ ಇತ್ತು: ಕಿಲ್ಟೇ ಸಾಕಷ್ಟು ಮಾತಾಡುತ್ತದೆ, ಮಿಕ್ಕಿದ್ದೆಲ್ಲಾ ಬಾಯಿ ಮುಚ್ಚಿಕೊಂಡಿರಬೇಕು. ತುಪ್ಪಳದ ಚೀಲ ಬೇಡ, ಕಂದು ಚರ್ಮದ ಸಾದಾ ಸ್ಪಾರನ್ ಸಾಕು. ಕಿಲ್ಟಿಗೆ ಜೇಬಿಲ್ಲ, ಹಾಗಾಗಿ ಚೀಲ ಬೇಕೇ ಬೇಕು. ಚೂರಿ ಬೇಡ. ರಾಷ್ಟ್ರೀಯ ಉಡುಪಿನ ಭಾಗ ಅಂತ ಸ್ಕಾಟ್ಲೆಂಡಿನ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ, ಸರಿ, ಆದರೆ ಟೊಮೆಟೊ ತರುವವನಿಗೆ ಚೂರಿ ಯಾಕೆ? ಚೌಕಳಿ ಅಂಗಿ ತೆಗೆದಿಟ್ಟೆ, ಚೌಕಳಿ ಮೇಲೆ ಚೌಕಳಿ ಕಣ್ಣಿಗೆ ಹಿಂಸೆ. ಕೊನೆಗೆ ನಿಂತದ್ದು ಇಸ್ತ್ರಿ ಮಾಡಿದ ಬೂದು ಅಂಗಿ, ಕಡು ನೀಲಿ ಸ್ವೆಟರು, ಬೆಟ್ಟ ಹತ್ತುವ ಕಂದು ಬೂಟು, ಹಸಿರು ಉಣ್ಣೆ ಕಾಲುಚೀಲ. ಕಿಲ್ಟಿನ ಮೂಲೆಗೆ ಒಂದು ಪಿನ್ನು. ಆ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು. ಅದು ಮೂಲೆಗೆ ಭಾರ ಅಷ್ಟೇ, ಬೀಗ ಅಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಉಟ್ಟು ನೋಡುವಾಗ ನಾನು ಎರಡೂ ಪದರ ಸೇರಿಸಿ ಚುಚ್ಚಿದ್ದೆ. ಬಗ್ಗಿ ಬೂಟು ತೆಗೆಯುವಾಗ ಪರ್ ಅಂತ ಸದ್ದು. ಅಕ್ಕಿಕಾಳಿನಷ್ಟು ತೂತು. ಈಗಲೂ ಇದೆ.

ಆದರೂ ಬಾಗಿಲು ದಾಟಲು ಆಗುತ್ತಿರಲಿಲ್ಲ. ನನಗೆ ಇದು ಹೊಸ ಭಯ ಅಲ್ಲ. ಬೆಂಗಳೂರಿನಲ್ಲಿದ್ದಾಗ ಹಬ್ಬದ ದಿನ ಪಂಚೆ ಉಡುತ್ತಿದ್ದೆ. ಹಾಲು ತಾ ಅಂತ ಅಮ್ಮ ಅಂದರೆ ಒಳಗೆ ಹೋಗಿ ಪ್ಯಾಂಟು ಹಾಕಿಕೊಂಡು ಹೊರಗೆ ಹೋಗುತ್ತಿದ್ದೆ. ಬರೀ ಐವತ್ತು ಹೆಜ್ಜೆ ದೂರದ ಅಂಗಡಿಗೆ! ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗಲೂ ಪಂಚೆ ಬಿಡಲಿಲ್ಲ, ನನಗೆ ಹಾಲಿನ ಅಂಗಡಿಗೆ ಅದರಲ್ಲಿ ಹೋಗಲು ನಾಚಿಕೆ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಒಂದು ಮಾಲಿನಲ್ಲಿ ಪಂಚೆ ಉಟ್ಟಿದ್ದಾರೆ ಅಂತ ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಅಲ್ವಾ, ಮಗನ ಜೊತೆ ಸಿನಿಮಾ ನೋಡಲು ಬಂದಿದ್ದವರು. ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು. ಇಲ್ಲಿ ಕೂತು ಆ ಸುದ್ದಿ ಓದಿ ನಾನೂ ಕೆಂಡ ಕಾರಿದ್ದೆ. ಆಮೇಲೆ ಹಾಲಿನ ಅಂಗಡಿ ನೆನಪಾಗಿ ಸುಮ್ಮನಾದೆ. ನನ್ನನ್ನು ತಡೆಯಲು ಕಾವಲುಗಾರ ಬೇಕಾಗಿರಲಿಲ್ಲ.

ಬ್ರೆಡ್ಡಿನ ಚೀಲ ಎತ್ತಿಕೊಂಡು ಹೊರಟೆ.

ಬಸ್ ನಿಲ್ದಾಣದಲ್ಲಿ ಒಬ್ಬರೇ ಒಬ್ಬರು ಮುದುಕರು. ಭಾನುವಾರವೂ ಕೋಟು, ಟೈ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಣ್ಣ ನೋಡುತ್ತಿದ್ದಾರಾ, ಬಟ್ಟೆ ನೋಡುತ್ತಿದ್ದಾರಾ ಅಂತ ಎದೆ ಡವಡವ. ‘ನಿನ್ನ ಕಾಲುಚೀಲ ಸರಿ ಇಲ್ಲ’ ಅಂದರು. ಒಂದು ಕಾಲಿನದ್ದು ಮೇಲಿತ್ತು, ಇನ್ನೊಂದು ಜಾರಿತ್ತು. ‘ಮಂಡಿ ಕೆಳಗೆ ಮೂರು ಬೆರಳು ಬಿಡು, ಅಲ್ಲಿ ಮಡಚು. ಇಲ್ಲಾ ಅಂದರೆ ಎರಡನ್ನೂ ಬೂಟಿನವರೆಗೆ ಇಳಿಸು. ಒಂದು ಹೀಗೆ ಒಂದು ಹಾಗೆ ಬೇಡ.’ ಅಲ್ಲೇ ಬಗ್ಗಿ ಎರಡನ್ನೂ ಇಳಿಸಿದೆ. ‘ಬ್ರಾ’ ಅಂದರು. ಸ್ಕಾಟ್ ಮಾತಿನಲ್ಲಿ ಅದಕ್ಕೆ ಚೆನ್ನಾಗಿದೆ ಅಂತ ಅರ್ಥ, ಹೆದರಬೇಡಿ. ನಾನು ಎಲ್ಲಿಯವನು, ಇದನ್ನು ಯಾಕೆ ಉಟ್ಟೆ, ಒಂದನ್ನೂ ಕೇಳಲಿಲ್ಲ.

22ನೇ ನಂಬರ್ ಬಸ್ಸು ಬಂತು. ಅಭ್ಯಾಸದಿಂದ ಮಹಡಿಗೆ ಹೊರಟೆ. ಎರಡನೇ ಮೆಟ್ಟಿಲಲ್ಲಿ ಒಂದು ವಿಚಿತ್ರ ಆಯಿತು. ನನ್ನ ಎರಡೂ ಕೈ ತಾವಾಗಿಯೇ ಕೆಳಗೆ ಹೋಗಿ ಅಂಚು ಹಿಡಿದವು. ಮೆಟ್ಟಿಲು ಕಂಡರೆ ಲುಂಗಿ ಎತ್ತಿ ಅರ್ಧಕ್ಕೆ ಕಟ್ಟುವ ಹುಟ್ಟುಗುಣ! ಇನ್ನೊಂದು ಕ್ಷಣ ತಡವಾಗಿದ್ದರೆ ಲೀತ್ ವಾಕ್‌ನ ಬಸ್ಸಿನಲ್ಲಿ ಇತಿಹಾಸ ಆಗುತ್ತಿತ್ತು. ಮರ್ಯಾದೆಯಾಗಿ ಕೆಳಗಿಳಿದು ಚಾಲಕನ ಹಿಂದಿನ ಸೀಟಿನಲ್ಲಿ ಕೂತೆ. ಕೂರುವುದಕ್ಕೂ ಒಂದು ಕ್ರಮ ಇದೆ. ಹಿಂದಿನಿಂದ ಕೈಯಲ್ಲಿ ನೆರಿಗೆಗಳನ್ನು ಸವರಿಕೊಂಡು ಕೂರಬೇಕು, ಮುಂದೆ ಸ್ಪಾರನ್ ಭಾರ ಬಟ್ಟೆಯನ್ನು ಮಂಡಿಗಳ ನಡುವೆ ಇಳಿಸಿ ಹಿಡಿಯುತ್ತದೆ. ನಾನು ಸವರದೆ ಕೂತೆ. ಇಳಿಯುವ ಹೊತ್ತಿಗೆ ಹಿಂದೆ ಒಂದು ನೆರಿಗೆ ಅಡ್ಡಡ್ಡ ಮುರಿದಿತ್ತು, ತೊಡೆಗೆ ಉಣ್ಣೆ ಚುಚ್ಚಿ ಕೆಂಪು ಗೆರೆ ಬೇರೆ.

ಪ್ರಿನ್ಸಸ್ ಸ್ಟ್ರೀಟಿನಲ್ಲಿ ಇಳಿದು ಸ್ಟಾಕ್‌ಬ್ರಿಜ್ ಸಂತೆ ಕಡೆಗೆ ಇಳಿಜಾರಿನಲ್ಲಿ ನಡೆದೆ. ಎಡಿನ್‌ಬರಾದ ಗಾಳಿ ಗೊತ್ತಿದ್ದವರಿಗೆ ನನ್ನ ಭಯ ಏನು ಅಂತ ಹೇಳಬೇಕಾಗಿಲ್ಲ. ಹೌ ಸ್ಟ್ರೀಟಿನ ತಿರುವಿನಲ್ಲಿ ಬಂದು ಬಡಿಯಿತು. ಎದುರಿಗೆ ಬರುತ್ತಿದ್ದ ಹುಡುಗಿಯ ಛತ್ರಿ ಮಗುಚಿತು. ಕಿಲ್ಟು ಅಲ್ಲಾಡಲಿಲ್ಲ. ಎರಡು ಕಿಲೋ ಉಣ್ಣೆ ಯಾಕೆ ಬೇಕು ಅಂತ ಅಲ್ಲಿ ಅರ್ಥವಾಯಿತು. ಇದೇ ಗಾಳಿಗೆ ನಮ್ಮ ತೆಳು ಮಲ್ಲು ಬಟ್ಟೆಯ ಪಂಚೆ ಆಗಿದ್ದರೆ ನಾನು ಇಷ್ಟು ಹೊತ್ತಿಗೆ ಸಮುದ್ರದ ಆಚೆ ದಡದಲ್ಲಿರುತ್ತಿದ್ದೆ. ನೆರಿಗೆ ಮಾತ್ರ ಹೆಜ್ಜೆ ಹೆಜ್ಜೆಗೂ ಎಡಕ್ಕೆ ಬಲಕ್ಕೆ ತೂಗುತ್ತದೆ. ಆ ತೂಗಾಟಕ್ಕೆ ನಡಿಗೆ ತಾನಾಗಿಯೇ ನೆಟ್ಟಗಾಗುತ್ತದೆ. ಕಂಪ್ಯೂಟರ್ ಮುಂದೆ ಗೂನು ಬೀಳುತ್ತಿರುವ ನನ್ನ ಬೆನ್ನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಸಂತೆಯಲ್ಲಿ ಏನೂ ಆಗಲಿಲ್ಲ. ಬ್ರೆಡ್ಡು ಮಾರುವವನು ಬ್ರೆಡ್ಡು ಕೊಟ್ಟ.

ವಾಪಸ್ ಬಂದು ಸ್ಕಾಟ್ ಸ್ಮಾರಕದ ಹತ್ತಿರ ಒಂದು ಬೆಂಚಿನ ಮೇಲೆ ಕೂತೆ, ಈ ಸಲ ನೆರಿಗೆ ಸವರಿಕೊಂಡು. ಮೇಲೆ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಕಲ್ಲಾಗಿ ಕೂತಿದ್ದಾನೆ, ಪಕ್ಕದಲ್ಲಿ ಅವನ ನಾಯಿ. ಕಿಲ್ಟು ಮದುವೆಮನೆ ವೇಷ ಆಗಿದ್ದರಲ್ಲಿ ಅವನ ಪಾಲೂ ಇದೆ. ಅದು ಮೊದಲು ಹೈಲ್ಯಾಂಡ್ ಅನ್ನುವ ಉತ್ತರದ ಗುಡ್ಡಗಾಡಿನಲ್ಲಿ ದನ ಕಾಯುವವರ, ಕೆಲಸ ಮಾಡುವವರ ಬಟ್ಟೆ. ಅಲ್ಲಿನವರು ದಂಗೆ ಎದ್ದರು ಅಂತ ಸರ್ಕಾರ 1746ರಲ್ಲಿ ಕಾನೂನು ತಂದು ಸ್ಕಾಟ್ಲೆಂಡಿನ ಗಂಡಸರು ಇದನ್ನು ಉಡುವುದನ್ನೇ ನಿಷೇಧಿಸಿತು. ಸೈನ್ಯದಲ್ಲಿದ್ದರೆ ಮಾತ್ರ ಉಡಬಹುದು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು, ಎರಡನೇ ಸಲ ಏಳು ವರ್ಷ ಗಡೀಪಾರು. 1782ರಲ್ಲಿ ಆ ಕಾನೂನು ಹೋಯಿತು. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರಾಗೆ ಬಂದಾಗ ಸ್ಕಾಟ್ ಮುಂದೆ ನಿಂತು ಊರಿಗೆಲ್ಲಾ ಟಾರ್ಟನ್ ಉಡಿಸಿದ. ದೊಡ್ಡ ಹೊಟ್ಟೆಯ ಆ ರಾಜನೂ ಉಟ್ಟ, ಕಾಲಿಗೆ ಗುಲಾಬಿ ಬಣ್ಣದ ಬಿಗಿ ಚೀಲ ಹಾಕಿಕೊಂಡು. ದನ ಕಾಯುವವನ ಬಟ್ಟೆ ದರ್ಬಾರಿಗೆ ಹೋಯಿತು. ಇತ್ತೀಚೆಗೆ ಇದೇ ಊರಿನ ಹೋವೀ ನಿಕಲ್ಸ್‌ಬಿ ಅನ್ನುವ ಹೊಲಿಗೆಯವರು ಡೆನಿಮ್ಮಿನಲ್ಲಿ, ಟ್ವೀಡಿನಲ್ಲಿ, ಚರ್ಮದಲ್ಲಿ ಕಿಲ್ಟು ಹೊಲಿದು, ಜೇಬು ಇಟ್ಟು, ಅದನ್ನು ಮತ್ತೆ ಬೀದಿಗೆ ಇಳಿಸುತ್ತಿದ್ದಾರೆ. ನನಗೆ ಉಣ್ಣೆಯದ್ದೇ ಇಷ್ಟ, ಜೇಬು ಮಾತ್ರ ಬೇಕಿತ್ತು.

ಇದೆಲ್ಲಾ ಯೋಚಿಸುತ್ತಾ ಬ್ರೆಡ್ಡಿನ ತುದಿ ಮುರಿದು ತಿನ್ನುತ್ತಿದ್ದಾಗ ಹಿಂದಿನಿಂದ ಕೇಳಿಸಿತು:

‘ನೋಡೇ, ಪಾಪ, ಲಂಗ ಹಾಕ್ಕೊಂಡು ಕೂತಿದಾನೆ. ನಮ್ಮ ಕಡೆಯವನ ಥರ ಇದಾನೆ.’

‘ಸುಮ್ನಿರ್ರೀ, ಕೇಳಿಸುತ್ತೆ.’

‘ಕೇಳಿಸಿದ್ರೆ ಏನು, ಅರ್ಥ ಆಗುತ್ತಾ?’

ತಿರುಗಿದೆ. ಅರವತ್ತು ದಾಟಿದ ದಂಪತಿ. ಅವರು ಮಂಕಿಟೋಪಿ ಹಾಕಿದ್ದರು, ಆಕೆ ಸೀರೆ ಮೇಲೆ ಜರ್ಕಿನ್, ಕಾಲಿಗೆ ಸ್ಪೋರ್ಟ್ಸ್ ಷೂ. ‘ಲಂಗ ಅಲ್ಲ ಸಾರ್, ಉಣ್ಣೆ ಪಂಚೆ’ ಅಂದೆ.

ಅವರ ಮುಖ ನೋಡಬೇಕಿತ್ತು. ಒಂದು ನಿಮಿಷ ಮೂವರೂ ನಕ್ಕೆವು. ಆಮೇಲೆ ಯಾವ ಊರು, ಯಾವ ಕಂಪನಿ, ಮದುವೆ ಆಗಿದೆಯಾ, ಎಲ್ಲಾ ಕ್ರಮವಾಗಿ ಬಂತು. ಲಂಡನ್ನಿನಲ್ಲಿರುವ ಮಗಳ ಮನೆಗೆ ಬಂದಿದ್ದರಂತೆ, ಮಗಳು ಕಾಫಿ ತರಲು ಹೋಗಿದ್ದಳು. ಸಾರ್ ಬಗ್ಗಿ ಕಿಲ್ಟಿನ ಅಂಚು ಹಿಡಿದು ಬೆರಳಲ್ಲಿ ಉಜ್ಜಿ ನೋಡಿದರು. ‘ಒಳ್ಳೇ ಮಾಲು. ಎಷ್ಟು ಕೊಟ್ರಿ?’ ಹೇಳಿದೆ. ತಲೆಯಲ್ಲೇ ರೂಪಾಯಿಗೆ ತಿರುಗಿಸಿ ಹುಬ್ಬೇರಿಸಿದರು. ಆಮೇಲೆ ದನಿ ತಗ್ಗಿಸಿ, ಕಿಲ್ಟು ಉಟ್ಟವರನ್ನು ಎಲ್ಲರೂ ಕೇಳುವ ಆ ಒಂದು ಪ್ರಶ್ನೆ ಕೇಳಿದರು: ‘ಒಳಗೆ?’

‘ರೀ!’

‘ಇದೆ ಸಾರ್’ ಅಂದೆ. ‘ಅಷ್ಟೊಂದು ಸ್ಕಾಟಿಷ್ ಆಗಿಲ್ಲ ಇನ್ನೂ.’

ಆಕೆಗೆ ಬೇರೆಯೇ ಕುತೂಹಲ. ನನ್ನನ್ನು ಎದ್ದು ನಿಲ್ಲಿಸಿ, ತಿರುಗಿಸಿ, ಹಿಂದಿನ ನೆರಿಗೆ ನೋಡಿದರು. ಬಸ್ಸಿನಲ್ಲಿ ಮುರಿದಿದ್ದ ಮಡಿಕೆ ಕಣ್ಣಿಗೆ ಬಿತ್ತು. ಕೇಳದೇ ಎರಡು ಬೆರಳಲ್ಲಿ ಹಿಡಿದು, ಮೇಲಿನಿಂದ ಕೆಳಗೆ ಒಮ್ಮೆ ಎಳೆದು ತಟ್ಟಿದರು. ‘ಚೌಕಳಿ ಹೇಗೆ ಕೂಡಿಸಿದಾರೆ ನೋಡ್ರೀ’ ಅಂದರು ಗಂಡನಿಗೆ. ‘ರಾತ್ರಿ ನೇತು ಹಾಕಪ್ಪ. ಮಡಚಿ ಇಡಬೇಡ.’

ಹೊರಡುವಾಗ ಕೈಚೀಲದಿಂದ ಕೋಡುಬಳೆ ಪೊಟ್ಟಣ ತೆಗೆದು ಕೊಟ್ಟರು. ಬೇಡ ಅಂದರೂ ಬಿಡಲಿಲ್ಲ. ಒಂದು ಕೈಯಲ್ಲಿ ತರಕಾರಿ, ಒಂದು ಕೈಯಲ್ಲಿ ಬ್ರೆಡ್ಡು. ಸ್ಪಾರನ್ ಬಾಯಿ ತೆಗೆದು ಅದರೊಳಗೆ ತುರುಕಿದೆ. ಸಾರ್ ಅದನ್ನು ನೋಡಿ, ‘ಓ, ಎಲೆ-ಅಡಿಕೆ ಸಂಚಿನೂ ಇದೆ’ ಅಂದರು.

ರಾತ್ರಿ ಕಿಲ್ಟನ್ನು ಬ್ರಷ್ ಮಾಡಿ, ಕ್ಲಿಪ್ಪಿನ ಹ್ಯಾಂಗರಿಗೆ ಹಾಕಿ ಬಾಗಿಲ ಹಿಂದೆ ನೇತುಹಾಕಿದೆ. ಸ್ಪಾರನ್ ಬೋರಲು ಹಾಕಿದರೆ ಮನೆ ಕೀ, ಬ್ಯಾಂಕ್ ಕಾರ್ಡು, ಅರ್ಧ ಪುಡಿಯಾದ ಕೋಡುಬಳೆ ಬಿದ್ದವು. ಪುಡಿ ಚರ್ಮದ ಸಂದಿಗೆಲ್ಲಾ ಸೇರಿಕೊಂಡಿತ್ತು. ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಕೆರೆದೆ. ಮುಂದಿನ ಭಾನುವಾರ ಬ್ರೆಡ್ಡಿಗೆ ದುಡ್ಡು ಕೊಡಲು ಅದನ್ನು ತೆಗೆದಾಗಲೂ ಇಂಗಿನ ವಾಸನೆ ಬಂತು.