ಟ್ಯಾಂಕಿನ ಕೊನೆಯ ಒಂದು ಲೀಟರ್

ಮಳೆಗಾಲದಲ್ಲಿ ಮಂಗಳೂರಿನ ಗ್ಯಾರೇಜುಗಳಿಗೆ ಒಂದೇ ದೂರಿನ ಬೈಕುಗಳು ಜಾಸ್ತಿ. ಕೊಟ್ಟಾರ ಚೌಕಿಯ ನೀರಲ್ಲಿ ಹಾಯಿಸಿಕೊಂಡು ಬಂದವು, ರಾತ್ರಿಯಿಡೀ ಅಂಗಳದಲ್ಲಿ ನೆನೆದವು. "ಸ್ಟಾರ್ಟ್ ಆಗ್ತದೆ ಅಣ್ಣ, ಸ್ವಲ್ಪ ದೂರ ಹೋದ ಮೇಲೆ ಮಿಸ್ಸಿಂಗ್ ಹೊಡೀತದೆ." ಟ್ಯಾಂಕಿಗೆ ನೀರು ಇಳಿದಿರುತ್ತದೆ. ಪೆಟ್ರೋಲ್ ಪೂರ್ತಿ ತೆಗೆಯಬೇಕು. ಹೊಸದಾಗಿ ಸೇರಿದ ಹುಡುಗರು ತಕ್ಷಣ ಒಂದು ಪೈಪ್ ಹುಡುಕಿ ಬಾಯಿಗೆ ಇಡುತ್ತಾರೆ.

ನಾನು ಕಲಿಸುವ ಮೊದಲ ಪಾಠ ಅಲ್ಲೇ ಶುರು. ಬಾಯಿ ಹಾಕುವ ಹಾಗೇ ಇಲ್ಲ. ಪೆಟ್ರೋಲ್ ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ದೊಡ್ಡ ಅಪಾಯ. ತೆಳ್ಳಗಿನ ದ್ರವ, ಒಂದು ಕೆಮ್ಮಿಗೆ ಒಳಗಿಳಿದು ಹರಡುತ್ತದೆ. ಆಮೇಲೆ ನ್ಯುಮೋನಿಯಾ ಥರದ ಉರಿಯೂತ. ಯಾರಾದರೂ ನುಂಗಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬಾರದು. ವಾಂತಿಯಾಗುವಾಗ ಅದೇ ಪೆಟ್ರೋಲ್ ಮತ್ತೆ ಗಂಟಲಿಗೆ ಬಂದು ಶ್ವಾಸಕೋಶ ಸೇರಬಹುದು. ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, "ಈಗ ಸರಿ ಇದ್ದಾನೆ" ಅಂತ ಕಾಯಬಾರದು.

ಬಾಯಿಯ ಬದಲಿಗೆ ಒಳ್ಳೆಯ ಸಾಮಾನು ಬೇಕಾದಷ್ಟು ಉಂಟು. ನನಗೆ ಇಷ್ಟವಾದದ್ದು ದೋಣಿಯವರ ರಬ್ಬರ್ ಬಲ್ಬ್. ಮಲ್ಪೆಯಲ್ಲಿ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ದೋಣಿಗಳ ಪೈಪಿನ ನಡುವೆ ಇರುತ್ತದಲ್ಲ, ಅದೇ. ಒಳಗೆ ಎಣ್ಣೆ ಒಂದೇ ಕಡೆಗೆ ಹೋಗುವ ವಾಲ್ವ್. ಮೇಲೆ ಬಾಣದ ಗುರುತು. ಬಾಣ ಕ್ಯಾನಿನ ಕಡೆಗೆ ಇರಬೇಕು. ನಾಲ್ಕು ಸಲ ಒತ್ತಿದರೆ ಪೈಪ್ ತುಂಬುತ್ತದೆ, ಆಮೇಲೆ ತಾನೇ ಹರಿಯುತ್ತದೆ. ತುದಿಯಲ್ಲಿ ಗೋಲಿಯಿರುವ ಹಿತ್ತಾಳೆ ವಾಲ್ವಿನ ಪೈಪೂ ಸಿಗುತ್ತದೆ. ಅದನ್ನು ಪೆಟ್ರೋಲಿನಲ್ಲಿ ಮುಳುಗಿಸಿ ಮೇಲೆ ಕೆಳಗೆ ಕುಲುಕಿದರೆ ಸಾಕು. ತೋಟದ ನೀರಿನ ಪೈಪ್ ಮಾತ್ರ ಬೇಡ, ಅದು ಪೆಟ್ರೋಲಿಗೆ ಮಾಡಿದ್ದಲ್ಲ.

ಯಾವ ಪೈಪ್ ಆದರೂ ಹೊರಗಿನ ತುದಿ ಟ್ಯಾಂಕಿನಲ್ಲಿರುವ ಪೆಟ್ರೋಲಿನ ಮಟ್ಟಕ್ಕಿಂತ ಕೆಳಗೆ ಇರಬೇಕು. ಕೆಲವು ಸ್ಕೂಟರುಗಳಲ್ಲಿ ಟ್ಯಾಂಕ್ ಇರುವುದೇ ಕಾಲಿಡುವ ಜಾಗದ ಕೆಳಗೆ. ಅದಕ್ಕಿಂತ ಕೆಳಗೆ ಕ್ಯಾನ್ ಇಡುವುದೆಲ್ಲಿ ಮಾರಾಯ? ಅಲ್ಲಿ ಸೈಫನ್, ಅಂದರೆ ಪೈಪಿನಲ್ಲಿ ತಾನೇ ಹರಿದು ಇಳಿಯುವುದು, ನಡೆಯುವುದಿಲ್ಲ, ಕೈಪಂಪೇ ಗತಿ.

ಇನ್ನು ನಿಜವಾದ ವಿಷಯ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ಟ್ಯಾಂಕಿನ ತಳದಲ್ಲಿ ಕೂತಿರುತ್ತದೆ. ಪೈಪಿನ ತುದಿ ಎಲ್ಲಿದೆಯೋ ಅಲ್ಲಿಯದ್ದೇ ಹೊರಗೆ ಬರುತ್ತದೆ. ಅಂದರೆ ಮೇಲಿನ ಒಳ್ಳೆಯ ಪೆಟ್ರೋಲ್ ತೆಗೆದು, ತಳದ ನೀರನ್ನು ಅಲ್ಲೇ ಬಿಟ್ಟು, ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಕಾರ್ಬುರೇಟರ್ ಇರುವ ಹಳೆ ಬೈಕಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಟ್ಯಾಂಕಿನ ಕೆಳಗಿನ ಕಾಕ್, ಅಂದರೆ ಪೆಟ್ರೋಲ್ ಬಿಡುವ ತಿರುಪು, 'ಆನ್' ಇದ್ದಾಗ ಪೆಟ್ರೋಲ್ ಎತ್ತರದ ನಳಿಗೆಯಿಂದ ಬರುತ್ತದೆ, ರಿಸರ್ವಿಗೆ ತಿರುಗಿಸಿದಾಗ ತಳದಿಂದ. ರಿಸರ್ವಿಗೆ ಬಿದ್ದ ಕೂಡಲೇ ಗಾಡಿ ನಿಲ್ಲುತ್ತದೆ ಅಂದರೆ ಮೊದಲ ಅನುಮಾನ ನೀರಿನ ಮೇಲೆ. ಹಾಗಾಗಿ ಅಲ್ಲಿ ಸೈಫನ್ ಬೇಡವೇ ಬೇಡ. ಕಾರ್ಬುರೇಟರಿನ ಪೈಪ್ ಬಿಚ್ಚಿ, ಕಾಕನ್ನು ರಿಸರ್ವಿಗೆ ಇಟ್ಟು ಇಳಿಸಿ. ಕೊನೆಗೆ ಟ್ಯಾಂಕ್ ಕಳಚಿ ಬಗ್ಗಿಸಿ.

ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಮಿತಿ ದಾಟಿದರೆ ಎಥನಾಲ್, ನೀರು ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ತಳದಿಂದ ತೆಗೆದದ್ದನ್ನು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹೊತ್ತು ಇಡಿ. ಎರಡು ಪದರ ಕಂಡರೆ ಗ್ರಾಹಕರಿಗೂ ತೋರಿಸಿ, ವಾದ ಮುಗಿಯುತ್ತದೆ.

ಹೊಸ ಹೊಗೆ ನಿಯಮದ ಬಿಎಸ್ 6 ಬೈಕುಗಳಲ್ಲಿ ಹೆಚ್ಚಿನವಕ್ಕೆ ಪಂಪ್ ಟ್ಯಾಂಕಿನೊಳಗೇ ಇದೆ, ಅದನ್ನು ಬಿಚ್ಚಿಯೇ ತಳ ನೋಡಬೇಕು. ಕಾರಿನಲ್ಲಿ ಟ್ಯಾಂಕಿನ ಬಾಯಿಯಿಂದ ಪೈಪ್ ತೂರಿಸುವ ಹಟ ಬೇಡ. ಒಳಗೆ ಫ್ಲ್ಯಾಪ್, ವಾಲ್ವ್ ಇರುತ್ತವೆ. ಪೈಪ್ ಹೋಗುವುದಿಲ್ಲ, ಹೋದರೆ ಕೆಲವೊಮ್ಮೆ ವಾಪಸ್ ಬರುವುದಿಲ್ಲ. ಎಷ್ಟೋ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಪಂಪಿನ ಮುಚ್ಚಳ ಸಿಗುತ್ತದೆ, ಅಲ್ಲಿಂದ ತೆಗೆಯುವುದು ಸುಲಭ. ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಫೋನ್ ಮಾಡುವವರಿಗೆ ನನ್ನ ಮೊದಲ ಮಾತು: ಕೀ ತಿರುಗಿಸಬೇಡಿ ಸರ್, ತಳ್ಳಿ ಬದಿಗೆ ಹಾಕಿ. ಹೈ ಪ್ರೆಶರ್ ಪಂಪ್ ಸವೆಯದ ಹಾಗೆ ಕಾಯುವ ಎಣ್ಣೆ ಡೀಸೆಲ್ಲೇ. ಪೆಟ್ರೋಲ್ ಹೋದರೆ ಅದು ತೇಯ್ದು, ಲೋಹದ ಪುಡಿ ಇಂಜೆಕ್ಟರಿಗೆ ಹೋಗುತ್ತದೆ. ಟ್ಯಾಂಕ್ ಖಾಲಿ ಮಾಡುವ ಖರ್ಚು ಅದರ ಮುಂದೆ ಏನೂ ಅಲ್ಲ.

ಬೆಂಕಿಯ ವಿಷಯದಲ್ಲಿ ನಾನು ಸ್ವಲ್ಪ ಕಿರಿಕಿರಿ ಮನುಷ್ಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಗುಂಡಿಯಲ್ಲಿ ನಿಲ್ಲುತ್ತದೆ. ಸರ್ವಿಸ್ ಗುಂಡಿಯ ಹತ್ತಿರ ಈ ಕೆಲಸ ಇಲ್ಲ. ಮಳೆ ಅಂತ ಶಟರ್ ಎಳೆದುಕೊಂಡೂ ಇಲ್ಲ. ಕಾರಿನ ಬ್ಯಾಟರಿಯ ನೆಗೆಟಿವ್ ಮೊದಲೇ ಕಳಚಿರಬೇಕು. ದೇವರ ಪಟದ ಮುಂದಿನ ಊದುಬತ್ತಿಯೂ ಬೆಂಕಿಯೇ ಅಲ್ವಾ, ಅದು ಆರಿದ ಮೇಲೆಯೇ ಟ್ಯಾಂಕ್ ತೆರೆಯುವುದು. ಕ್ಯಾನನ್ನು ಡಿಕ್ಕಿಯಲ್ಲಿ ಇಟ್ಟು ತುಂಬಿಸಬಾರದು, ನೆಲದ ಮೇಲೆ ಇಡಬೇಕು. ಇಲ್ಲದಿದ್ದರೆ ಸ್ಟ್ಯಾಟಿಕ್ ವಿದ್ಯುತ್ತಿನ ಕಿಡಿಯ ಭಯ.

ತೆಗೆದ ಪೆಟ್ರೋಲನ್ನು ಗ್ರಾಹಕರ ಎದುರೇ ಅಳೆಯಿರಿ. ಎಷ್ಟು ಇತ್ತು, ಎಷ್ಟು ಒಳ್ಳೆಯದು, ಎಷ್ಟು ಹೋಯಿತು ಅಂತ ಬಿಲ್ಲಿನಲ್ಲೇ ಬರೆಯಿರಿ. ಹಾಳಾದದ್ದನ್ನು ಚರಂಡಿಗೆ ಸುರಿಯಬೇಡಿ, ಮಳೆನೀರಿನ ಜೊತೆ ಅದು ಹೊಳೆಗೇ ಹೋಗುತ್ತದೆ. ಮುಚ್ಚಳ ಬಿಗಿಯಾದ ಲೋಹದ ಕ್ಯಾನಿನಲ್ಲಿ ಹಾಕಿ, ಮೇಲೆ "ನೀರು ಸೇರಿದೆ" ಅಂತ ಬರೆದು, ಹಳೆ ಆಯಿಲ್ ತೆಗೆದುಕೊಳ್ಳುವ ಲೈಸೆನ್ಸ್ ಇರುವವರಿಗೆ ಕೊಡಿ.