ಕುಂಸಿಯ ಕಲ್ಲು, ಕೆಮ್ಮಣ್ಣುಗುಂಡಿಯ ಅದಿರು

ನಮ್ಮ ಜಿಯಾಲಜಿ ಲ್ಯಾಬಿನ ಕೊನೆಯ ಬೀರುವಿನಲ್ಲಿ ಪಳೆಯುಳಿಕೆಗಳಿದ್ದವು. ಟ್ರೈಲೊಬೈಟ್, ಸುರುಳಿ ಸುತ್ತಿದ ಅಮೊನೈಟ್, ಚಿಪ್ಪಿನ ಬ್ರಾಕಿಯೊಪಾಡ್. ಒಂದೂ ನಮ್ಮ ಶಿವಮೊಗ್ಗ ಜಿಲ್ಲೆಯದಲ್ಲ. ಅರಿಯಲೂರು, ಕಚ್, ಸ್ಪಿತಿ ಅಂತ ಚೀಟಿ ಅಂಟಿಸಿತ್ತು. ಮಲೆನಾಡಿನ ಕಲ್ಲುಗಳು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೆ ಎಷ್ಟೋ ಮೊದಲಿನವು. ಹಾಗಾಗಿ ಪ್ಯಾಲಿಯಂಟಾಲಜಿ, ಅಂದರೆ ಪಳೆಯುಳಿಕೆಗಳ ಪಾಠ, ಬರೀ ಚಿತ್ರ ಬಿಡಿಸಿ, ಹೆಸರು ಬರೆದು, ಮಾರ್ಕ್ಸ್ ತೆಗೆದುಕೊಳ್ಳುವ ಪೇಪರ್ ಅಂತ ನಮ್ಮ ಬ್ಯಾಚು ತೀರ್ಮಾನಿಸಿಬಿಟ್ಟಿತ್ತು.

ಉಳಿದ ಪೇಪರ್‌ಗಳು ಕೈಗೆ ಸಿಗುತ್ತಿದ್ದವು. ಮಿನರಾಲಜಿಯಲ್ಲಿ ಖನಿಜವನ್ನು ಪಿಂಗಾಣಿ ಬಿಲ್ಲೆಯ ಮೇಲೆ ಗೀಚಿ ನೋಡುವುದು. ಹೆಮಟೈಟ್ ಕೆಂಪು ಗೆರೆ ಬಿಡುತ್ತದೆ, ಮ್ಯಾಗ್ನಟೈಟ್ ಕಪ್ಪು ಗೆರೆ. ಉಗುರಿನಿಂದ ಗೀರು ಬಿದ್ದರೆ ಮೋಸ್ ಅಳತೆಯಲ್ಲಿ ಗಡಸುತನ ಎರಡೂವರೆಗಿಂತ ಕಡಿಮೆ. ಕಲ್ಲುಗಳನ್ನು ಓದುವ ಪೆಟ್ರಾಲಜಿ ನನಗೆ ಎಲ್ಲಕ್ಕಿಂತ ಇಷ್ಟ. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇಯ್ದರೆ ಬೆಳಕು ಅದರೊಳಗೆ ಹಾಯುತ್ತದೆ. ಹೊರಗೆ ಬರೀ ಕಪ್ಪಗೆ ಕಾಣುವ ಡಾಲರೈಟ್ ಪೋಲರೈಸಿಂಗ್ ಮೈಕ್ರೋಸ್ಕೋಪಿನಡಿ ನೀಲಿ, ಹಳದಿ, ಕಿತ್ತಳೆ ಬಣ್ಣ ತೋರಿಸಿದಾಗ ಕಣ್ಣು ತೆಗೆಯಲು ಮನಸ್ಸೇ ಬರುತ್ತಿರಲಿಲ್ಲ.

ಸ್ಟ್ರಕ್ಚರಲ್ ಜಿಯಾಲಜಿ ಅರ್ಥವಾಗಿದ್ದು ಕೆಮ್ಮಣ್ಣುಗುಂಡಿಯಲ್ಲಿ. ಪದರ ಯಾವ ದಿಕ್ಕಿಗೆ ಹಾದಿದೆ, ಎಷ್ಟು ಡಿಗ್ರಿ ಓರೆಯಾಗಿದೆ ಎಂದು ಕಂಪಾಸ್ ಹಿಡಿದು ಅಳೆಯಬೇಕು. ನಾಲ್ಕು ಹೆಜ್ಜೆಗೊಮ್ಮೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ದಿಕ್ಕು! ಮೇಷ್ಟ್ರು ಬಂದು ನೋಡಿದರು. "ಕಂಪಾಸ್ ಕೆಟ್ಟಿಲ್ಲ ಕಣ್ರಯ್ಯಾ, ನೀವು ನಿಂತಿರೋದೇ ಮ್ಯಾಗ್ನಟೈಟ್ ಮೇಲೆ" ಅಂದರು. ಅಯಸ್ಕಾಂತದ ಗುಣವಿರುವ ಆ ಖನಿಜ ಕಂಪಾಸಿನ ಮುಳ್ಳನ್ನೇ ಎಳೆಯುತ್ತಿತ್ತು. ಆಮೇಲೆ ದೂರದ ಗುಡ್ಡದ ತುದಿಯನ್ನು ಗುರುತಾಗಿಟ್ಟುಕೊಂಡು, ನಕ್ಷೆಯ ಮೇಲೆ ಕೋನ ಅಳೆಯುವುದನ್ನು ಕಲಿಸಿದರು. ಖನಿಜದ ಪಾಠ ಗೊತ್ತಿಲ್ಲದವನಿಗೆ ರಚನೆಯ ಪಾಠವೂ ಬರುವುದಿಲ್ಲ ಅಂತ ನನಗೆ ಅಲ್ಲೇ ಮನವರಿಕೆಯಾಯಿತು.

ಪದರಗಳ ಕಾಲಕ್ರಮ ಓದುವ ಸ್ಟ್ರಾಟಿಗ್ರಫಿಯಲ್ಲಿ ಧಾರವಾಡ ಶಿಲಾಸಮೂಹದ, ಅಂದರೆ ನಮ್ಮ ಗುಡ್ಡಗಳ ಹಳೆಯ ಕಲ್ಲುಗಳ, ಪಾಠ ದೊಡ್ಡದು. ಆ ಹೆಸರು ಕೊಟ್ಟವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾಗಿದ್ದು 1894ರಲ್ಲಿ. ಅಂದಿನಿಂದ ನಮ್ಮ ಗುಡ್ಡಗಳಲ್ಲಿ ಯಾವ ಪದರ ಮೊದಲು, ಯಾವುದು ಆಮೇಲೆ ಅನ್ನುವ ಚರ್ಚೆ ನಡೆದೇ ಇದೆ. ಚಿಪ್ಪಿನ ಪಳೆಯುಳಿಕೆ ಇಲ್ಲದ ಕಡೆ ವಯಸ್ಸಿನ ಸಾಲು ಹಚ್ಚುವುದು ಸುಲಭವಲ್ಲ. ಅಲೆಯ ಗುರುತು, ಮರಳಿನ ಓರೆ ಪದರ, ನೀರಿನಡಿ ಹೆಪ್ಪುಗಟ್ಟಿದ ಲಾವಾದ ಆಕಾರ, ಇವನ್ನೆಲ್ಲ ನೋಡಿ ಪದರದ ಮೇಲ್ಮುಖ ಯಾವುದು ಅಂತ ಹೇಳಬೇಕು.

ಒಮ್ಮೆ ಮೇಷ್ಟ್ರು ನಮ್ಮನ್ನು ಕುಂಸಿಗೆ ಕರೆದುಕೊಂಡು ಹೋದರು. ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿ ಸಿಗುವ ಊರು. ಮ್ಯಾಂಗನೀಸ್ ಗಣಿಗೆ ಹೆಸರಾದದ್ದು, ಹಾಗಾಗಿ ಅದಿರು ನೋಡಲು ಹೊರಟಿದ್ದೇವೆ ಅಂದುಕೊಂಡಿದ್ದೆವು. ಅವರು ಸುಣ್ಣಕಲ್ಲಿನ ಬಂಡೆಯ ಮುಂದೆ ನಿಲ್ಲಿಸಿ, ಸುತ್ತಿಗೆ ಕೆಳಗಿಡಿ ಅಂದರು. ಬಂಡೆಯ ಮೇಲೆ ಗುಮ್ಮಟದ ಹಾಗೆ ಉಬ್ಬಿದ ತೆಳು ತೆಳು ಪದರಗಳು. ಅವು ಸ್ಟ್ರೊಮಾಟೊಲೈಟ್. ಆಳವಿಲ್ಲದ ನೀರಿನಲ್ಲಿ ಲೋಳೆಯಂತೆ ಹರಡಿದ್ದ ಸೂಕ್ಷ್ಮಜೀವಿಗಳು ಹೂಳನ್ನು ಹಿಡಿದು, ಅದರ ಮೇಲೆ ಮತ್ತೆ ಬೆಳೆದು ಕಟ್ಟಿದ್ದು. 250 ಕೋಟಿ ವರ್ಷಕ್ಕೂ ಹಿಂದಿನ ಮಾತು. ಇಂಥವು ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ಈಗಲೂ ಬೆಳೆಯುತ್ತಿವೆ. ನಮ್ಮ ಜಿಲ್ಲೆಯಲ್ಲೇ ಪಳೆಯುಳಿಕೆ ಇತ್ತು! ಯಾರೂ ಮಾತಾಡಲಿಲ್ಲ.

ಮೇಷ್ಟ್ರು ಅಲ್ಲಿಗೇ ಬಿಡಲಿಲ್ಲ. ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಅಂಥ ಜೀವಿಗಳು ಆಮ್ಲಜನಕ ಬಿಟ್ಟವು, ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಅದರ ಜೊತೆ ಸೇರಿ ತಳಕ್ಕೆ ಕೂತಿತು, ಪಟ್ಟೆ ಪಟ್ಟೆಯಾದ ಕಬ್ಬಿಣದ ಅದಿರು ಹುಟ್ಟಿದ್ದಕ್ಕೆ ಹೀಗೂ ಒಂದು ವಿವರಣೆ ಇದೆ ಅಂದರು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋಗುತ್ತಿತ್ತು. 1923ರಲ್ಲಿ ಅಲ್ಲಿನ ಕಾರ್ಖಾನೆ ಮಲೆನಾಡಿನ ಮರದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸಿತು. ನಮ್ಮ ತರಗತಿಯಲ್ಲಿ ಭದ್ರಾವತಿಯ ಹುಡುಗರು ಜಾಸ್ತಿ, ಹಲವರ ಅಪ್ಪಂದಿರು ಅಲ್ಲೇ ಕೆಲಸದಲ್ಲಿದ್ದರು. ಅದಿರು, ಗಣಿಗಳನ್ನು ಓದುವ ಎಕನಾಮಿಕ್ ಜಿಯಾಲಜಿ ಅವರಿಗೆ ಮನೆಯ ವಿಷಯ. ಅದರ ಬೇರು ಪ್ಯಾಲಿಯಂಟಾಲಜಿಯಲ್ಲೂ ಇರಬಹುದು ಅಂತ ನಾವ್ಯಾರೂ ಯೋಚಿಸಿರಲಿಲ್ಲ.

ನಾನೀಗ ಅಂತರ್ಜಲದ ಕೆಲಸ ಮಾಡುತ್ತೇನೆ. ಆಗ ನಮಗೆ ಹೈಡ್ರೋಜಿಯಾಲಜಿ ಪಠ್ಯದ ಕೊನೆಯಲ್ಲಿ ಬರುವ ಸಣ್ಣ ಭಾಗ. ಇಷ್ಟು ಮಳೆ ಬಂದರೂ ಏಪ್ರಿಲ್‌ನಲ್ಲಿ ಬಾವಿ ಯಾಕೆ ಬತ್ತುತ್ತದೆ ಅಂತ ತೀರ್ಥಹಳ್ಳಿ, ಹೊಸನಗರದ ಕಡೆ ಎಲ್ಲರೂ ಕೇಳುತ್ತಾರೆ. ಜಂಬಿಟ್ಟಿಗೆಯ ತುಂಬ ತೂತು. ನೀರು ಬೇಗ ಇಳಿಯುತ್ತದೆ, ಅಷ್ಟೇ ಬೇಗ ಇಳಿಜಾರಿನಲ್ಲಿ ಹಳ್ಳಕ್ಕೆ ಹೋಗುತ್ತದೆ. ಕೆಳಗಿನ ಗಟ್ಟಿ ನೈಸ್ ಶಿಲೆಯಲ್ಲಿ ಬಿರುಕು ಇದ್ದಲ್ಲಿ ಮಾತ್ರ ನೀರು. ಬೋರ್ ಪಾಯಿಂಟ್ ಹೇಳುವ ಮೊದಲು ನಾನು ಗುಡ್ಡದ ಇಳಿಜಾರು ನೋಡುತ್ತೇನೆ, ಕಲ್ಲು ಯಾವುದು ಅಂತ ಲೆನ್ಸ್ ಹಿಡಿಯುತ್ತೇನೆ, ಬಿರುಕಿನ ದಿಕ್ಕು ಅಳೆಯುತ್ತೇನೆ. ಅಂದರೆ ಒಂದು ಬೋರಿಗೆ ಮೂರು ಪೇಪರ್ ಬೇಕು.

ಈಗಿನ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಕುಂಸಿಗೆ ಹೋದರೆ ಸ್ಟ್ರೊಮಾಟೊಲೈಟ್ ಬಂಡೆಗೆ ಸುತ್ತಿಗೆ ಹಾಕಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಪದರದ ಓರೆ ಅಳೆದು ಬರೆದುಕೊಳ್ಳಿ. ಮುಂದಿನ ಬ್ಯಾಚೂ ಅದನ್ನು ನೋಡಬೇಕು.